ನೀರು ಏರಿದ ಗಳಿಗೆ ಹುಡುಕುವುದು ಹೇಗೆ?

ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜೋರಾಯಿತೆಂದರೆ ಕೃಷ್ಣೆಯ ದಂಡೆಯವರ ಕಣ್ಣೆಲ್ಲ ಆಲಮಟ್ಟಿ ಜಲಾಶಯದ ಹೊರಹರಿವಿನ ಅಂಕಿಯ ಮೇಲೆ. 2019ರ ಆಗಸ್ಟ್‌ನಲ್ಲಿ ಇಲ್ಲಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ನದಿಗೆ ಬಿಟ್ಟಿದ್ದರು. ಅಂಥ ದಿನ 26 ಕ್ರಸ್ಟ್ ಗೇಟುಗಳ ಕೆಳಗೆ, ದಂಡೆಯ ಮೇಲೊಂದು ಕ್ಯಾಮೆರಾ ಇದೆ ಎಂದುಕೊಳ್ಳಿ. ಸೆಕೆಂಡಿಗೆ 25ರಂತೆ ದಿನಕ್ಕೆ 21,60,000 ಚಿತ್ರ. ನೀರು ಏರತೊಡಗಿದ್ದು ಎಷ್ಟು ಹೊತ್ತಿಗೆ ಎಂದು ತಿಳಿಯಲು ಅಷ್ಟನ್ನೂ ನೋಡುತ್ತ ಕೂರುವವರು ಯಾರು?

ವಿಡಿಯೊ ಮೊಟಕು ಮಾಡುವ ಹಳೆಯ ವಿಧಾನ ಸರಳ. ಅಕ್ಕಪಕ್ಕದ ಚಿತ್ರಗಳ ಬಣ್ಣವನ್ನು ಕಂಪ್ಯೂಟರ್ ಹೋಲಿಸಿ, ವ್ಯತ್ಯಾಸ ಹೆಚ್ಚಿದ್ದಲ್ಲಿ ದೃಶ್ಯ ಬದಲಾಯಿತೆಂದು ಒಂದು ಚಿತ್ರ ಎತ್ತಿಡುತ್ತದೆ. ಸಿನಿಮಾಕ್ಕೆ ಇದು ಸರಿ. ಹೊಳೆಯ ಮುಂದೆ ನಡೆಯದು. ನೊರೆ ಸದಾ ಕುದಿಯುತ್ತಿರುವುದರಿಂದ ಕಂಪ್ಯೂಟರಿಗೆ ಎಲ್ಲವೂ ಬದಲಾವಣೆಯೇ. ಮಟ್ಟ ಬೆರಳು ಬೆರಳಷ್ಟು ಏರುವುದು ಮಾತ್ರ ಗೊತ್ತೇ ಆಗುವುದಿಲ್ಲ. 2006ರಲ್ಲಿ ಜೆರುಸಲೇಮಿನ ಶ್ಮುಯೆಲ್ ಪೆಲೆಗ್ ಅವರ ತಂಡ, ಬೇರೆ ಬೇರೆ ಹೊತ್ತಿನಲ್ಲಿ ಹಾದುಹೋದವರನ್ನು ಒಂದೇ ಕಿರುಚಿತ್ರದಲ್ಲಿ ಒಟ್ಟಿಗೆ ತೋರಿಸುವ ಜಾಣ ಉಪಾಯ ಕಂಡುಹಿಡಿಯಿತು. ಜನರನ್ನು, ವಾಹನಗಳನ್ನು ಹಾಗೆ ಬಿಡಿಸಿ ತೆಗೆಯಬಹುದು, ನೀರನ್ನಲ್ಲ.

ಇಲ್ಲಿ ನೋಡುವವರೇ ಯಂತ್ರಕ್ಕೆ ದಾರಿ ತೋರಬೇಕು. ನೀರಿಗೆ ತಾಗಿದ ಗೋಡೆಯೊಂದರ ಮೇಲೆ, ಪರದೆಯಲ್ಲೇ ಮೇಲಿಂದ ಕೆಳಕ್ಕೆ ನೀವೊಂದು ಗೆರೆ ಎಳೆಯುತ್ತೀರಿ. ಕಂಪ್ಯೂಟರ್ ನಿಮಿಷಕ್ಕೊಂದು ಚಿತ್ರದಿಂದ ಆ ಗೆರೆಯಷ್ಟನ್ನೇ ಕತ್ತರಿಸಿ, ಒಂದರ ಪಕ್ಕ ಒಂದನ್ನು ಜೋಡಿಸುತ್ತ ಹೋಗುತ್ತದೆ. ದಿನಕ್ಕೆ 1,440 ಗೆರೆ. 1,920 ಚುಕ್ಕೆ ಅಗಲದ ಮಾಮೂಲಿ ಪರದೆಯಲ್ಲಿ ಇಡೀ ದಿನ ಹಿಡಿದು, ಇನ್ನೂ ಜಾಗ ಉಳಿಯುತ್ತದೆ! ಮೇಲೆ ಗೋಡೆಯ ಬೂದು, ಕೆಳಗೆ ರಾಡಿ ನೀರಿನ ಕಂದು; ಇವೆರಡು ಕೂಡುವ ಅಂಚೇ ನೀರಿನ ಏರಿಳಿತದ ನಕ್ಷೆ. ಅಂಚು ಮೇಲಕ್ಕೆ ತಿರುಗಿದ ಕಡೆ ಒತ್ತಿದರೆ ಆ ನಿಮಿಷದ ವಿಡಿಯೊ ತೆರೆದುಕೊಳ್ಳುತ್ತದೆ. ಮಟ್ಟ ಹುಡುಕುವ ಕೆಲಸ ನಮ್ಮ ಕಣ್ಣಿಗೆ, ಕತ್ತರಿಸಿ ಜೋಡಿಸುವ ಚಾಕರಿ ಯಂತ್ರಕ್ಕೆ. ಈ ಹಂಚಿಕೆಯೇ ನನಗೆ ತುಂಬ ಹಿಡಿಸಿದ್ದು.

ಕೈಯಲ್ಲಿ ಹಿಡಿದ ಮೊಬೈಲ್ ಅಲುಗಾಡುವುದರಿಂದ ಅದರ ವಿಡಿಯೊ ಇದಕ್ಕೆ ಬಾರದು. ಕಂಬಕ್ಕೆ ಬಿಗಿದ ಸಾದಾ ಕ್ಯಾಮೆರಾ, ರಾತ್ರಿ ಗೋಡೆಗೊಂದು ದೀಪ ಇದ್ದರೆ ಸಾಕು. ಹೀಗೆ ಜೋಡಿಸಿದ ಆಲಮಟ್ಟಿಯ ಗೆರೆಗಳ ಪಟ್ಟಿಯ ಕೆಳಗೆ ಮುಂದಿನ ಊರಿನ ಪಟ್ಟಿಯನ್ನು ಇಟ್ಟು ನೋಡಿದರೆ ಎರಡು ಏರುಗಳ ನಡುವಿನ ಅಂತರ ಅಳೆಯಬಹುದು. ದಂಡೆಯ ರೈತರಿಗೆ ಪಂಪ್‌ಸೆಟ್ ಎತ್ತಿ ಮೇಲೆ ಸಾಗಿಸಲು ಎಷ್ಟು ಹೊತ್ತು ಸಿಗುತ್ತದೆ ಎಂಬ ಲೆಕ್ಕ ಆ ಅಂತರದಲ್ಲಿದೆ.