ತಕಯಾಮದ ವಸಂತೋತ್ಸವ

ತೇರೆಂದೊಡನೆ ನಮ್ಮ ಕಣ್ಣಮುಂದೆ ರಥಬೀದಿಯೂ ಮಿಣಿ ಹಿಡಿದ ಜನಸಂದಣಿಯೂ ಸುಳಿಯುವುದಷ್ಟೆ. ಜಪಾನು ದೇಶದಲ್ಲಿಯೂ ತೇರಿನ ಉತ್ಸವಗಳುಂಟು. ಗಿಫು ಪ್ರಾಂತದಲ್ಲಿ ಬೆಟ್ಟಗಳ ನಡುವೆ ಇರುವ ತಕಯಾಮ ಪಟ್ಟಣದಲ್ಲಿ ಪ್ರತಿವರ್ಷವೂ ಏಪ್ರಿಲ್ 14 ಮತ್ತು 15ರಂದು ಹಿಯೆ ದೇವಾಲಯದ ವಸಂತೋತ್ಸವವು ಜರಗುತ್ತದೆ.

ಅದು ಚೆರಿಯ ಮರಗಳು ಹೂವಾಗುವ ಕಾಲ. ಹೊಳೆಯ ಮೇಲಣ ಕೆಂಪು ಸೇತುವೆಯ ಬಳಿಯಲ್ಲಿಯೂ, ಹಳೆಯ ಮರದ ಮನೆಗಳ ಬೀದಿಗಳಲ್ಲಿಯೂ ಜನರು ತೇರುಗಳಿಗಾಗಿ ಕಾದಿರುತ್ತಾರೆ. ತೇರುಗಳು ಒಟ್ಟು 12. ಅವುಗಳ ಅರಗಿನ ಹೊಳಪನ್ನೂ, ಚಿನ್ನದ ಲೇಪವನ್ನೂ, ಸೂಕ್ಷ್ಮವಾದ ಕೆತ್ತನೆಯನ್ನೂ ಎಷ್ಟು ನೋಡಿದರೂ ತೃಪ್ತಿಯಾಗದು. ಅವುಗಳಲ್ಲಿ ಮೂರರ ಮೇಲೆ ಸೂತ್ರದ ಬೊಂಬೆಗಳು ಕುಣಿಯುತ್ತವೆ. ಆಡಿಸುವವರು ತೇರಿನೊಳಗೆ ಅಡಗಿ ದಾರಗಳನ್ನೆಳೆಯುವರು. 14ರ ರಾತ್ರಿ ತೇರುಗಳಿಗೆ ಕಾಗದದ ದೀಪಗಳನ್ನು ತೂಗಹಾಕುತ್ತಾರೆ.

ಈ ಕೌಶಲವು ಆಕಸ್ಮಿಕವಲ್ಲ. ತಕಯಾಮವು ಸೇರಿದ್ದ ಹಿದಾ ಸೀಮೆಯು 8ನೆಯ ಶತಮಾನದಲ್ಲಿಯೇ ಕಂದಾಯಕ್ಕೆ ಬದಲಾಗಿ ಬಡಗಿಗಳನ್ನು ರಾಜಧಾನಿಗೆ ಕಳುಹಿಸುತ್ತಿದ್ದಿತು.

ಆದರೆ ಮಳೆ ಬಂದಿತೆಂದರೆ ತೇರುಗಳು ಹೊರಬರವು. ಬಹುದೂರದಿಂದ ಬಂದ ಯಾತ್ರಿಕನು ತೇರಿನ ಮನೆಯ ಮುಂದೆ ನಿಂತು ನಿರಾಶನಾಗಬೇಕಾದೀತು. ಇದು ಕಠಿನವೆಂದು ತೋರಬಹುದು. ಪ್ರತಿಯೊಂದು ತೇರಿಗೂ ಒಂದೊಂದು ಕೇರಿಯವರೇ ಪೋಷಕರು. ನೀರು ತಗುಲಿ ಅರಗೂ ಚಿನ್ನವೂ ಕೆಟ್ಟರೆ ಅವರೇ ಸರಿಪಡಿಸಬೇಕು. 2016ರಲ್ಲಿ ಯುನೆಸ್ಕೋ ಸಂಸ್ಥೆಯು ಜಪಾನಿನ ಇಂತಹ 33 ಉತ್ಸವಗಳನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲಿ ಸೇರಿತು. ಆ ಗೌರವಕ್ಕೆ ಬಹು ಮೊದಲಿನಿಂದಲೂ ಕೇರಿಯ ಹಿರಿಯರು ಮೋಡವನ್ನು ನೋಡಿ ಬಾಗಿಲು ಮುಚ್ಚುತ್ತಲೇ ಬಂದಿದ್ದಾರೆ. ಮೊಮ್ಮಕ್ಕಳಿಗೆ ತೇರು ಉಳಿಯಬೇಕಾದರೆ ಒಂದು ದಿನದ ಸಂಭ್ರಮವನ್ನು ಬಿಡುವುದು ಅವರಿಗೆ ನಷ್ಟವಲ್ಲ.