ಕಾಲ್ಚೆಂಡಾಟದಲ್ಲಿ ಕೊಡುಕೊಳ್ಳುವಿಕೆಯ ಶಿಕ್ಷಣ

ತೊರಗಲೆ ಆರುಸಾವಿರವೆಂದು ಶಾಸನಗಳಲ್ಲಿ ಪ್ರಸಿದ್ಧವಾದ ನಾಡಿನ ಹೆಸರನ್ನು ಹೊತ್ತಿರುವ ಈ ಸೀಮೆಯಲ್ಲಿ ಕುಸ್ತಿ, ಕಬಡ್ಡಿ, ಖೋಖೋಗಳು ಮಕ್ಕಳಿಗೆ ಮನೆಯ ಮಾತಿನಷ್ಟೇ ಸಹಜವಾದವು. ಕಾಲ್ಚೆಂಡಾಟವಾದರೋ ಬಹುಮಟ್ಟಿಗೆ ಶಾಲೆಯ ಮೂಲಕ ಬಂದುದು; ಆದುದರಿಂದ ಅದನ್ನು ಕಲಿಸಬೇಕಾಗುತ್ತದೆ. ಒದೆಯುವುದನ್ನು ಯಾವ ಹುಡುಗನೂ ನಾಲ್ಕು ದಿನಗಳಲ್ಲಿ ಕಲಿತಾನು. ಎದುರಾಳಿ ಮೈಮೇಲೆ ಬರುತ್ತಿರುವಾಗ ಎದೆಗೆಡದೆ ಚೆಂಡನ್ನು ಸಂಗಡಿಗನಿಂದ ಪಡೆದು ಮತ್ತೊಬ್ಬ ಸಂಗಡಿಗನಿಗೆ ಮುಟ್ಟಿಸುವುದರಲ್ಲಿಯೇ ಕಷ್ಟವೆಲ್ಲ ಇರುವುದು.

ಖೋಖೋ ಆಟದಲ್ಲಿ ಎಂಟು ಜನ ಒಬ್ಬರು ಅತ್ತ, ಒಬ್ಬರು ಇತ್ತ ಮುಖಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವನು ಬೆನ್ನ ಹಿಂದಿನಿಂದ ಬಂದು, ಮುಟ್ಟಿ, ‘ಖೋ’ ಎಂದ ಮೇಲೆಯೇ ಕುಳಿತವನು ಏಳತಕ್ಕದ್ದು. ಮೊದಲೇ ಎದ್ದರೆ ತಪ್ಪು. ಕರೆಯನ್ನು ಕಾಯುವ ಈ ಶಿಸ್ತು ಆ ಆಟಕ್ಕೆ ಭೂಷಣ. ಅದೇ ಹುಡುಗ ಕಾಲ್ಚೆಂಡಾಟದ ಬಯಲಿಗೆ ಬಂದು ಅದೇ ಶಿಸ್ತಿನಿಂದ ನಿಂತರೆ ಕೆಟ್ಟನು. ಚೆಂಡು ಕಾಲಿಗೆ ತಾಗಿದ ಮೇಲೆ ಅವನು ತಲೆಯೆತ್ತಿ ಸುತ್ತ ನೋಡುವಷ್ಟರಲ್ಲಿ ಎದುರಾಳಿ ಅದನ್ನು ಕಸಿದುಕೊಂಡಿರುತ್ತಾನೆ. ಇಲ್ಲಿ ಕರೆಗೆ ಮುಂಚೆಯೇ ಏಳಬೇಕು. ಏಳುವುದಕ್ಕೂ ಮುಂಚೆ ನೋಡಬೇಕು.

ವ್ಯಾಕರಣದಲ್ಲಿ ಕೊಟ್ಟುದನ್ನು ಪಡೆಯುವವನಿಗೆ ಸಂಪ್ರದಾನವೆಂದು ಹೆಸರು. ಅವನಿಗೆ ಸಲ್ಲುವುದು ಚತುರ್ಥೀ ವಿಭಕ್ತಿ. ಎಳೆಯರ ಆಟದಲ್ಲಿ ಬಹುಪಾಲು ಒದೆತಗಳು ಸಂಪ್ರದಾನವಿಲ್ಲದ ವಾಕ್ಯಗಳಂತಿರುತ್ತವೆ. ‘ಯಾರಿಗೆ?’ ಎಂದು ಕೇಳಿದರೆ ಒದೆದವನಲ್ಲಿ ಉತ್ತರವಿಲ್ಲ.

ನಾರ್ವೆಯ ವಿದ್ವಾಂಸ ಗೈರ್ ಯೋರ್ಡೆಟ್ ಅವರು ಇಂಗ್ಲೆಂಡಿನ ಲೀಗಿನ ಆಟಗಾರರನ್ನು ಪರಿಶೀಲಿಸಿ, ಚೆಂಡು ಬರುವುದಕ್ಕೆ ಮುಂಚಿನ ಕ್ಷಣಗಳಲ್ಲಿ ಹೆಚ್ಚು ಸಲ ಕತ್ತು ತಿರುಗಿಸಿ ನೋಡಿದವರು ಮುಂದಕ್ಕೆ ಕೊಟ್ಟ ಚೆಂಡುಗಳು ಹೆಚ್ಚು ಸಫಲವಾದುದನ್ನು ತೋರಿಸಿದ್ದಾರೆ. ಇದನ್ನು ರೂಢಿಸುವ ಉಪಾಯ ಸುಲಭವಾದುದು. ಚೆಂಡು ಉರುಳಿ ಬರುತ್ತಿರುವಾಗಲೇ ಶಿಕ್ಷಕರು ಹುಡುಗನ ಬೆನ್ನ ಹಿಂದೆ ಬೆರಳುಗಳನ್ನೆತ್ತಿ ಹಿಡಿಯಬೇಕು. ಅವನು ಹೊರಳಿ ನೋಡಿ, ಎಷ್ಟೆಂದು ಕೂಗಿ ಹೇಳಿ, ಆಮೇಲೆ ಚೆಂಡನ್ನು ಮುಟ್ಟಬೇಕು. ಚೆಂಡಿಗೆ ಎದೆಯೊಡ್ಡಿ ನಿಂತವನಿಗೆ ಅರ್ಧ ಬಯಲು ಕಾಣದು. ಓರೆಯಾಗಿ ನಿಂತು, ಎದುರಾಳಿಗೆ ದೂರವಾದ ಪಾದದ ಒಳಮಗ್ಗುಲಿನಿಂದ, ಕಾಲನ್ನು ತುಸು ಹಿಂದೆಳೆದುಕೊಳ್ಳುತ್ತ ತಡೆದರೆ ಚೆಂಡು ಪುಟಿದುಹೋಗದೆ ಹಿಡಿತದಲ್ಲಿರುತ್ತದೆ.

ಇಲ್ಲಿಯ ನೆಲದ ಮಾತನ್ನೂ ಹೇಳಲೇಬೇಕು. ಎರೆಭೂಮಿ ಜೋಳ, ಹತ್ತಿಗಳಿಗೆ ತಾಯಿ, ಚೆಂಡಿಗೆ ಮಲತಾಯಿ. ಮಳೆಗಾಲದಲ್ಲಿ ಅಂಟುಮಣ್ಣು ಚೆಂಡನ್ನು ನಡುದಾರಿಯಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಬೇಸಗೆಯಲ್ಲಿ ಬಿರುಕುಬಿಟ್ಟ ನೆಲದ ಮೇಲೆ ಅದು ಎತ್ತ ಪುಟಿಯುವುದೋ ಹೇಳಲಾಗದು. ಅಭ್ಯಾಸಕ್ಕೆ ಮಡ್ಡಿಯ ನೆಲವೇ ಲೇಸು. ಎರೆಯಲ್ಲಿಯೇ ಆಡಬೇಕಾದರೆ ಕೊಡುವವನು ಸಮೀಪಕ್ಕೆ ಕೊಡಲಿ, ಪಡೆಯುವವನು ನಿಂತಲ್ಲಿ ಕಾಯದೆ ಚೆಂಡಿನತ್ತ ಎರಡು ಹೆಜ್ಜೆ ಬರಲಿ.

ಎದುರಾಳಿಯೇ ಇಲ್ಲದೆ ಸಾಲಾಗಿ ನಿಂತು ಮಾಡಿದ ಅಭ್ಯಾಸ ನೋಟಕ್ಕೆ ಚೆಂದ. ಪಂದ್ಯದ ದಿನ ಒದಗಿಬರದು. ಅದಕ್ಕಿಂತ ಎಂಟು-ಹತ್ತು ಮೀಟರಿನ ಒಂದು ಚೌಕವನ್ನೆಳೆದು, ಅಂಚಿನಲ್ಲಿ ನಾಲ್ವರನ್ನೂ ನಡುವೆ ಒಬ್ಬನನ್ನೂ ನಿಲ್ಲಿಸುವುದು ಮೇಲು. ನಡುವಿನವನು ಮೊದಲ ದಿನಗಳಲ್ಲಿ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯತಕ್ಕದ್ದು. ಆಮೇಲೆ ಓಡಲಿ. ಅಂಚಿನವರು ಅಂಜದಂತಾದ ಮೇಲೆ ಕಸಿಯಲು ಹವಣಿಸಲಿ. ಅಂಚಿನವರಿಗೆ ಎರಡೇ ಸ್ಪರ್ಶ: ಪಡೆಯಲು ಒಂದು, ಕೊಡಲು ಒಂದು. ಒತ್ತಡವು ಔಷಧದಂತೆ ಪ್ರಮಾಣವರಿತು ಏರಬೇಕಾದುದು.

ಭಾರತದಲ್ಲಿ ಈ ವಿದ್ಯೆಯ ಹಿರಿಯ ಗುರುವೆಂದರೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು. ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದವರು. ಅವರ ಕೈಯಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಎಡೆಬಿಡದೆ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಪಡೆಯಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಚೆಂಡನ್ನು ತಾನೊಬ್ಬನೇ ಉರುಳಿಸಿಕೊಂಡು ಓಡುವುದನ್ನು ನಿಷೇಧಿಸಿದ ಪಂದ್ಯಗಳನ್ನೂ, ಬಲ ಕಡಿಮೆಯಾದ ಕಾಲಿನಿಂದಲೇ ಆಡುವ ಪಂದ್ಯಗಳನ್ನೂ ಅವರು ಏರ್ಪಡಿಸುತ್ತಿದ್ದರು. ಅಂಥ ಪಂದ್ಯಕ್ಕೆ ಖರ್ಚೇನೂ ಇಲ್ಲ. ಯಾವ ಹಳ್ಳಿಯ ಶಾಲೆಯೂ ಶನಿವಾರ ನಡೆಸಬಹುದು.

ಇಷ್ಟೆಲ್ಲ ಮಾಡಿ, ಪಂದ್ಯದ ದಿನ ಹಿರಿಯರು ಬಯಲಿನಂಚಿನಿಂದ ‘ಒದಿ, ಒದಿ’ ಎಂದು ಕೂಗಿದರೆ ಶ್ರಮವೆಲ್ಲ ಹೊಳೆಯ ಪಾಲು. ಚೆಂಡು ಕಳೆದುಕೊಂಡವನನ್ನು ಎಲ್ಲರೆದುರು ಬೈದರೆ ಮುಂದಿನ ಸಲ ಅವನು ಎದುರಾಳಿಯ ಮರೆಗೆ ಸರಿದು ನಿಲ್ಲುತ್ತಾನೆ; ಅವನಿಗೆ ಕೊಡಲು ದಾರಿಯೇ ಇರುವುದಿಲ್ಲ. ನೋಡುವವರು ಸೋಮಾರಿಯೆಂದು ಬಗೆಯುತ್ತಾರೆ, ಹುಡುಗ ಹೆದರಿರುತ್ತಾನೆ. ಹಾಗೆ ಮರೆಯಾದ ಹುಡುಗರು ಮರುವರ್ಷ ಆಟಕ್ಕೇ ಬರುವುದಿಲ್ಲ.

ಇನ್ನು ಸಾಧನದ ಮಾತು. ನಲವತ್ತು ಹುಡುಗರಿಗೆ ಒಂದೇ ಚೆಂಡಿದ್ದರೆ ಸರದಿ ಕಾಯುವುದರಲ್ಲಿಯೇ ತಾಸು ಕಳೆಯುತ್ತದೆ. ಶಾಲೆಗಳಿಗೆ ಬೆಳ್ಳಿಯ ಬಟ್ಟಲು, ಫಲಕಗಳನ್ನು ಕೊಡುವ ಉದಾರಿಗಳುಂಟು. ಅದೇ ಹಣದಲ್ಲಿ ಚೆಂಡುಗಳನ್ನು ಕೊಟ್ಟರೆ ಇನ್ನೂ ಒಳಿತು. ಐವರ ಚೌಕಕ್ಕೆ ಒಂದರಂತೆ ನಲವತ್ತು ಹುಡುಗರಿಗೆ ಎಂಟು ಸಾಕು: ಹನ್ನೆರಡು ವರ್ಷದೊಳಗಿನವರಿಗೆ ನಾಲ್ಕನೆಯ ಅಳತೆಯವು, ದೊಡ್ಡವರಿಗೆ ಐದನೆಯ ಅಳತೆಯವು.