ಅಮೆರಿಕದಲ್ಲಿ ಆನ್‌ಲೈನ್ ಪೋಕರ್: ಪರವಾನಗಿ ಸಿಕ್ಕರೆ ಸಾಕಾ, ಟೇಬಲ್ ತುಂಬೋದು ಬೇಡವಾ?

ಇವತ್ತು ಒಂದು ಇಸ್ಪೀಟಾಟದ ಬಗ್ಗೆ ಮಾತಾಡೋಣ. ಆಡೋದು ಹೇಗೆ ಅಂತಲ್ಲ, ಅದನ್ನು ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡಲು ಬಿಡಬೇಕಾ ಬೇಡವಾ ಅನ್ನೋ ಜಗಳದ ಬಗ್ಗೆ.

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಂದು ಕಾನೂನು ಮಾಡಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ರಮ್ಮಿ, ಪೋಕರ್ ಎಲ್ಲವೂ ಅದರಲ್ಲಿ ಬಂತು. ಅಮೆರಿಕದಲ್ಲಿ ಗಾಳಿ ಬೀಸುತ್ತಿರುವುದು ಉಲ್ಟಾ ದಿಕ್ಕಿಗೆ. ಅಲ್ಲಿ ರಾಜ್ಯಗಳು ಒಂದೊಂದಾಗಿ ಆನ್‌ಲೈನ್ ಪೋಕರ್‌ಗೆ ಅನುಮತಿ ಕೊಡುತ್ತಿವೆ. ಆದರೆ ತುಂಬಾ ನಿಧಾನವಾಗಿ. ಯಾಕೆ ಇಷ್ಟು ನಿಧಾನ? ಅದು ಅರ್ಥ ಆಗಬೇಕಾದರೆ ಮೊದಲು ಪೋಕರ್‌ನಲ್ಲಿ ದುಡ್ಡು ಹೇಗೆ ಓಡಾಡುತ್ತೆ ಅಂತ ನೋಡಬೇಕು.

ಕ್ಯಾಸಿನೊದ ಸ್ಲಾಟ್ ಮಷಿನ್ ಮುಂದೆ ಕೂತರೆ ನೀವು ಆಡುವುದು ಕಂಪನಿ ವಿರುದ್ಧ. ನೀವು ಸೋತದ್ದು ಅವರ ಲಾಭ. ಪೋಕರ್ ಹಾಗಲ್ಲ. ಅಲ್ಲಿ ನಿಮ್ಮ ಎದುರಾಳಿ ಇನ್ನೊಬ್ಬ ಆಟಗಾರ. ಊರಲ್ಲಿ ಇಸ್ಪೀಟು ಅಡ್ಡೆ ನಡೆಸುವವನು ಪ್ರತಿ ಆಟಕ್ಕೂ ತನ್ನ ಪಾಲು ಎತ್ತಿಟ್ಟುಕೊಳ್ಳುತ್ತಾನಲ್ಲ, ಪೋಕರ್ ಸೈಟ್ ಮಾಡುವುದೂ ಅದನ್ನೇ. ಆ ಪಾಲಿಗೆ ರೇಕ್ ಅಂತಾರೆ. ಅಂದ್ರೆ ಸ್ಲಾಟ್ ಮಷಿನ್‌ಗೆ ಒಬ್ಬ ಗಿರಾಕಿ ಸಾಕು. ಪೋಕರ್‌ಗೆ ಹಗಲು ರಾತ್ರಿ ಟೇಬಲ್ ತುಂಬಿರಬೇಕು. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ದುಡ್ಡು ಸಿಕ್ಕಿಹಾಕಿಕೊಂಡ ಶುಕ್ರವಾರ

2000ದ ದಶಕದ ಮೊದಲಲ್ಲಿ ಅಮೆರಿಕನ್ನರು ಆನ್‌ಲೈನ್ ಪೋಕರ್ ಆಡುತ್ತಿದ್ದದ್ದು ಹೊರದೇಶಗಳಲ್ಲಿ ನೆಲೆಯೂರಿದ್ದ ಸೈಟ್‌ಗಳಲ್ಲಿ. 2006ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ತಂದು, ಅಕ್ರಮ ಆನ್‌ಲೈನ್ ಜೂಜಿಗೆ ಬ್ಯಾಂಕ್, ಕಾರ್ಡ್ ಮೂಲಕ ಹಣ ಸಾಗಿಸುವುದನ್ನು ತಡೆಯಿತು. ಕೆಲವು ಕಂಪನಿಗಳು ಜಾಗ ಖಾಲಿ ಮಾಡಿದವು. ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್ ಥರದ ಕೆಲವು ಉಳಿದುಕೊಂಡವು.

2011ರ ಏಪ್ರಿಲ್ 15, ಶುಕ್ರವಾರ. ನ್ಯೂಯಾರ್ಕ್‌ನ ಫೆಡರಲ್ ಪ್ರಾಸಿಕ್ಯೂಟರ್‌ಗಳು ದೊಡ್ಡ ಸೈಟ್‌ಗಳ ಸ್ಥಾಪಕರೂ ಸೇರಿ 11 ಜನರ ಮೇಲೆ ಆರೋಪಪಟ್ಟಿ ಹೊರಡಿಸಿದರು. ಸೈಟ್‌ಗಳ ವಿಳಾಸಗಳನ್ನೇ ಸರ್ಕಾರ ವಶಪಡಿಸಿಕೊಂಡಿತು. ಆಟಗಾರರು ಆ ದಿನವನ್ನು ಇಂದಿಗೂ ಬ್ಲ್ಯಾಕ್ ಫ್ರೈಡೇ ಅಂತಲೇ ಕರೀತಾರೆ.

ಆಮೇಲೆ ಹೊರಬಂದ ವಿಷಯ ಇನ್ನೂ ಗಂಭೀರ. ಪೋಕರ್‌ಸ್ಟಾರ್ಸ್ ತನ್ನ ಅಮೆರಿಕದ ಆಟಗಾರರಿಗೆ ಬೇಗನೆ ಹಣ ವಾಪಸ್ ಕೊಟ್ಟಿತು. ಫುಲ್ ಟಿಲ್ಟ್ ಕೊಡಲಿಲ್ಲ, ಯಾಕಂದ್ರೆ ಕೊಡಲು ಹಣ ಇರಲಿಲ್ಲ. ಸರ್ಕಾರದ ಪ್ರಕಾರ, ಅದು ಪ್ರಪಂಚದ ಆಟಗಾರರಿಗೆಲ್ಲ ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್. ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ. ಸ್ಕ್ರೀನ್ ಮೇಲೆ ಬ್ಯಾಲೆನ್ಸ್ ಕಾಣಿಸುತ್ತಿತ್ತು, ಅದರ ಹಿಂದೆ ದುಡ್ಡು ಇರಲಿಲ್ಲ. ಕೊನೆಗೆ 2012ರಲ್ಲಿ ಪೋಕರ್‌ಸ್ಟಾರ್ಸ್ 73.1 ಕೋಟಿ ಡಾಲರ್‌ಗೆ ಸರ್ಕಾರದೊಂದಿಗೆ ರಾಜಿ ಮಾಡಿಕೊಂಡು ಫುಲ್ ಟಿಲ್ಟ್ ಆಸ್ತಿಯನ್ನೂ ತೆಗೆದುಕೊಂಡಿತು. ಆದರೂ ಅಮೆರಿಕದ ಆಟಗಾರರಿಗೆ ಮೊದಲ ಕಂತಿನ ಹಣ ಸಿಕ್ಕಿದ್ದು 2014ರಲ್ಲಿ.

ಇನ್ನೊಂದು ಸೈಟ್ ಅಲ್ಟಿಮೇಟ್‌ಬೆಟ್‌ನಲ್ಲಿ ಅದಕ್ಕೂ ಮೊದಲೇ ಬೇರೆ ಹಗರಣ ನಡೆದಿತ್ತು. ಎದುರಾಳಿಗಳ ಕೈಯಲ್ಲಿರುವ ಎಲೆಗಳನ್ನು ನೋಡಿಕೊಂಡೇ ಕೆಲವು ಖಾತೆಗಳಿಂದ ಆಡುತ್ತಿದ್ದರು. ಅದನ್ನು ಮೊದಲು ಪತ್ತೆ ಹಚ್ಚಿದ್ದು ಪೊಲೀಸರಲ್ಲ, ಲೆಕ್ಕ ಹಾಕುತ್ತಾ ಕೂತ ಆಟಗಾರರೇ.

ಪೋಕರ್‌ಗೆ ಕಾನೂನಿನ ಮಾನ್ಯತೆ ಬೇಕು ಅನ್ನುವವರ ಗಟ್ಟಿ ವಾದ ಇರೋದು ಇಲ್ಲೇ. ಜನ ಹೇಗೂ ಆಡುತ್ತಾರೆ. ಅವರ ದುಡ್ಡು ಯಾರ ಕೈಯಲ್ಲಿದೆ, ಮೋಸ ಆದರೆ ದೂರು ಕೊಡೋದು ಯಾರಿಗೆ ಅನ್ನೋದು ಪ್ರಶ್ನೆ.

ಬಾಗಿಲು ತೆರೆದದ್ದು ಲಾಟರಿಯಿಂದ

ಅಮೆರಿಕದಲ್ಲಿ 1961ರ ವೈರ್ ಆ್ಯಕ್ಟ್ ಅಂತ ಒಂದು ಹಳೇ ಕಾನೂನಿದೆ. ಫೋನ್ ತಂತಿ ಮೂಲಕ ರಾಜ್ಯದಿಂದ ರಾಜ್ಯಕ್ಕೆ ಬಾಜಿ ಕಟ್ಟಿಸುವವರನ್ನು ಹಿಡಿಯಲು ಮಾಡಿದ್ದು. ಇಂಟರ್ನೆಟ್‌ನ ಎಲ್ಲ ಜೂಜಿಗೂ ಇದು ಅನ್ವಯಿಸುತ್ತೆ ಅಂತ ಫೆಡರಲ್ ಸರ್ಕಾರ ಹೇಳುತ್ತಾ ಬಂದಿತ್ತು. ಇಲಿನಾಯ್ ಮತ್ತು ನ್ಯೂಯಾರ್ಕ್ ರಾಜ್ಯಗಳು ತಮ್ಮ ಲಾಟರಿ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮಾರಬಹುದಾ ಅಂತ ಕೇಳಿದವು. 2011ರ ಡಿಸೆಂಬರ್‌ನಲ್ಲಿ ನ್ಯಾಯ ಇಲಾಖೆ ಉತ್ತರ ಕೊಟ್ಟಿತು: ಈ ಕಾನೂನು ಕ್ರೀಡಾ ಬೆಟ್ಟಿಂಗ್‌ಗೆ ಮಾತ್ರ. ಲಾಟರಿಗೆ ತೆರೆದ ಬಾಗಿಲಲ್ಲಿ ಪೋಕರ್ ಕೂಡ ಒಳಗೆ ಬಂತು.

2013ರ ಏಪ್ರಿಲ್‌ನಲ್ಲಿ ನೆವಾಡದಲ್ಲಿ ಮೊದಲ ಲೈಸೆನ್ಸ್ ಸೈಟ್ ಶುರುವಾಯಿತು. ಅದೇ ವರ್ಷ ಡೆಲವೇರ್ ಮತ್ತು ನ್ಯೂಜೆರ್ಸಿ ಸೇರಿಕೊಂಡವು. ನಿಯಮ ಬಿಗಿಯಾಗಿತ್ತು. ವಯಸ್ಸು 21 ಆಗಿರಬೇಕು. ಆಡುವ ಹೊತ್ತಿಗೆ ನೀವು ಆ ರಾಜ್ಯದ ಗಡಿಯೊಳಗೇ ಇರಬೇಕು. ಫೋನ್‌ನ ಲೊಕೇಶನ್ ನೋಡಿ ಆ್ಯಪ್ ಅದನ್ನು ಖಚಿತಪಡಿಸಿಕೊಳ್ಳುತ್ತೆ. ರಾಜ್ಯದಲ್ಲಿ ಮನೆ ಇರಬೇಕಿಲ್ಲ, ಕಾಲು ಅಲ್ಲಿದ್ದರೆ ಸಾಕು. ನದಿ ದಾಟಿ ಪಕ್ಕದ ರಾಜ್ಯಕ್ಕೆ ಹೋದರೆ ಆಟ ಬಂದ್.

ಈಗ ಆ ಮೊದಲ ಮಾತು ನೆನಪಿಸಿಕೊಳ್ಳಿ: ಟೇಬಲ್ ತುಂಬಬೇಕು. ಡೆಲವೇರ್‌ನ ಜನಸಂಖ್ಯೆ ಸುಮಾರು 10 ಲಕ್ಷ. ನಮ್ಮ ತುಮಕೂರು ಜಿಲ್ಲೆಯ ಅರ್ಧವೂ ಇಲ್ಲ. ನೆವಾಡ ಸುಮಾರು 30 ಲಕ್ಷ. ರಾತ್ರಿ ಎರಡಕ್ಕೆ ಲಾಗಿನ್ ಆದರೆ ಎದುರಿಗೆ ಕೂರಲು ಯಾರಿರ್ತಾರೆ? ನೆವಾಡದ ಆ ಮೊದಲ ಸೈಟ್ 2014ರ ನವೆಂಬರ್‌ನಲ್ಲಿ ಮುಚ್ಚಿಹೋಯಿತು, ಎರಡು ವರ್ಷವೂ ತುಂಬಲಿಲ್ಲ.

ಹಾಗಾಗಿ ರಾಜ್ಯಗಳು ಒಂದು ಉಪಾಯ ಮಾಡಿದವು: ಪರಸ್ಪರ ಒಪ್ಪಂದ, ಎರಡೂ ಕಡೆಯವರು ಒಂದೇ ಟೇಬಲ್‌ನಲ್ಲಿ ಆಡಬಹುದು. 2014ರಲ್ಲಿ ನೆವಾಡ ಮತ್ತು ಡೆಲವೇರ್ ಸಹಿ ಹಾಕಿದವು. 2017ರಲ್ಲಿ ನ್ಯೂಜೆರ್ಸಿ, 2022ರಲ್ಲಿ ಮಿಷಿಗನ್, 2023ರಲ್ಲಿ ವೆಸ್ಟ್ ವರ್ಜೀನಿಯಾ, 2025ರಲ್ಲಿ ಪೆನ್ಸಿಲ್ವೇನಿಯಾ ಸೇರಿದವು. ನಡುವೆ 2018ರಲ್ಲಿ ನ್ಯಾಯ ಇಲಾಖೆ ತನ್ನ ಮಾತನ್ನೇ ತಿರುಗಿಸಿ, ವೈರ್ ಆ್ಯಕ್ಟ್ ಎಲ್ಲ ಜೂಜಿಗೂ ಅನ್ವಯ ಅಂದಿತ್ತು. ನ್ಯೂ ಹ್ಯಾಂಪ್‌ಶೈರ್‌ನ ಲಾಟರಿ ಸಂಸ್ಥೆ ಕೋರ್ಟಿಗೆ ಹೋಯಿತು. 2021ರ ಜನವರಿಯಲ್ಲಿ ಮೇಲ್ಮನವಿ ಕೋರ್ಟ್ ಕೂಡ ಆ ಸಂಸ್ಥೆಯ ಪರವಾಗಿಯೇ ತೀರ್ಪು ಕೊಟ್ಟಿತು. ಅದಾದ ಮೇಲೆಯೇ ಒಪ್ಪಂದಕ್ಕೆ ಮತ್ತೆ ಜೀವ ಬಂದದ್ದು.

ಆ ಆರೂ ರಾಜ್ಯಗಳ ಜನರನ್ನು ಕೂಡಿಸಿದರೆ ಸುಮಾರು 3.8 ಕೋಟಿ. ಕ್ಯಾಲಿಫೋರ್ನಿಯಾ ಒಂದರಲ್ಲೇ ಸುಮಾರು 3.9 ಕೋಟಿ ಜನ ಇದ್ದಾರೆ. ಅಲ್ಲಿ ವರ್ಷಗಟ್ಟಲೆ ಮಸೂದೆಗಳು ಬಂದವು, ಒಂದೂ ಪಾಸಾಗಲಿಲ್ಲ. ಕ್ಯಾಸಿನೊ ನಡೆಸುವ ಮೂಲನಿವಾಸಿ ಬುಡಕಟ್ಟುಗಳು, ಕಾರ್ಡ್ ಕ್ಲಬ್‌ಗಳು, ಕುದುರೆ ರೇಸಿನವರು, ಎಲ್ಲರಿಗೂ ಪಾಲು ಬೇಕು. ಹಿಂದೆ ಕಾನೂನು ಮೀರಿ ವ್ಯವಹಾರ ಮಾಡಿದ ಕಂಪನಿಗೆ ಲೈಸೆನ್ಸ್ ಕೊಡಬೇಕಾ ಅನ್ನೋದು ಇನ್ನೊಂದು ತಕರಾರು. 2016ರ ಮಸೂದೆಯಲ್ಲಿ ಕುದುರೆ ರೇಸಿನವರಿಗೆ ವರ್ಷಕ್ಕೆ 6 ಕೋಟಿ ಡಾಲರ್‌ವರೆಗೆ ಕೊಡುವ ಪ್ರಸ್ತಾಪವೂ ಇತ್ತು. ಆದರೂ ಒಮ್ಮತ ಬರಲಿಲ್ಲ.

ಪೋಕರ್ ಜೊತೆ ಇನ್ನೇನು ಬರುತ್ತೆ?

ನ್ಯೂಜೆರ್ಸಿಯ ಆನ್‌ಲೈನ್ ಜೂಜಿನ ಆದಾಯದಲ್ಲಿ ಪೋಕರ್‌ನ ಪಾಲು ನೂರಕ್ಕೆ ಒಂದೆರಡು ಡಾಲರ್ ಅಷ್ಟೇ. ಉಳಿದದ್ದೆಲ್ಲ ಮೊಬೈಲ್ ಸ್ಲಾಟ್, ರೂಲೆಟ್ ಥರದ ಆಟಗಳದ್ದು. ಅಂದ್ರೆ ತೆರಿಗೆಗಾಗಿ ಕಾನೂನು ತರುವ ರಾಜ್ಯಕ್ಕೆ ಪೋಕರ್ ಒಂದರಿಂದ ಏನೂ ಗಿಟ್ಟಲ್ಲ. ಆದ್ದರಿಂದ ನೆವಾಡ ಬಿಟ್ಟರೆ ಉಳಿದ ಕಡೆ ಪೋಕರ್ ಬಂದದ್ದು ಆನ್‌ಲೈನ್ ಕ್ಯಾಸಿನೊ ಜೊತೆಗೇ.

ವಿರೋಧಿಸುವವರ ಭಯ ಇರೋದೂ ಇದಕ್ಕೇ. ಕ್ಯಾಸಿನೊಗೆ ಹೋಗಲು ಮನೆಯಿಂದ ಹೊರಡಬೇಕು. ಫೋನ್ ದಿಂಬಿನ ಪಕ್ಕದಲ್ಲೇ ಇರುತ್ತೆ. ಚಟಕ್ಕೆ ಬಿದ್ದವರು ತಮ್ಮನ್ನು ತಾವೇ ನಿರ್ಬಂಧಿಸಿಕೊಳ್ಳುವ ಪಟ್ಟಿ, ಖರ್ಚಿಗೆ ಮಿತಿ, ಸಹಾಯವಾಣಿ ಇವೆಲ್ಲ ಲೈಸೆನ್ಸ್ ಇರುವ ರಾಜ್ಯಗಳಲ್ಲಿವೆ, ನಿಜ. ಆದರೆ ಆ ಸೌಲಭ್ಯ ಹುಡುಕಿಕೊಂಡು ಹೋಗುವಷ್ಟರಲ್ಲಿ ದುಡ್ಡು ಹೋಗಿರುತ್ತೆ ಅನ್ನೋ ಮಾತನ್ನು ತಳ್ಳಿಹಾಕೋಕೆ ಆಗಲ್ಲ.

ನಮ್ಮ ಕಥೆ

ನಮ್ಮ ಸಂವಿಧಾನದಲ್ಲೂ ಬಾಜಿ, ಜೂಜು ರಾಜ್ಯಪಟ್ಟಿಯ ವಿಷಯ. ನಾಗಾಲ್ಯಾಂಡ್ ಪೋಕರ್ ಸೇರಿದಂತೆ ಕೌಶಲದ ಆಟಗಳಿಗೆ ಲೈಸೆನ್ಸ್ ಕೊಡುವ ಕಾನೂನು ಮಾಡಿತ್ತು. ಕರ್ನಾಟಕ 2021ರಲ್ಲಿ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ 2025ರಲ್ಲಿ ಕೇಂದ್ರವೇ ಕೈ ಹಾಕಿತು: ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿದರೆ ನಿಷೇಧ. ಆಡಿದವರಿಗೆ ಶಿಕ್ಷೆ ಇಲ್ಲ, ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇದನ್ನು ಪ್ರಶ್ನಿಸಿ ನಮ್ಮ ಹೈಕೋರ್ಟ್ ಸೇರಿ ಹಲವೆಡೆ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಎರಡೂ ದೇಶಗಳ ದಾರಿ ಬೇರೆ. ಆದರೆ ಅಮೆರಿಕದ ಆಟಗಾರರು 2011ರಲ್ಲಿ ಕಲಿತ ಪಾಠ ನಮಗೂ ಬೇಕು. ನಿಷೇಧ ಬಂದಮೇಲೂ ನಿಮ್ಮ ಫೋನಿಗೆ ಯಾವುದೋ ಹೊರದೇಶದ ಪೋಕರ್ ಲಿಂಕ್ ಬರಬಹುದು. ಬೋನಸ್ ಎಷ್ಟು ಅಂತ ನೋಡೋ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾಳೆ ಈ ಸೈಟ್ ತೆರೆಯದಿದ್ದರೆ ನನ್ನ ದುಡ್ಡನ್ನು ಯಾರ ಹತ್ತಿರ ಕೇಳಲಿ? ಉತ್ತರ ಸಿಗಲಿಲ್ಲ ಅಂದ್ರೆ, ಆ ಲಿಂಕ್ ಮುಟ್ಟಬೇಡಿ.